ನಡುಗುವ ಗೆರೆ

“ಅಯ್ಯೋ, ಕೈ ಎತ್ತಬೇಡಿ! ಆರಾಮಾಗಿ ಊರಿ!”

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸ್ಟೈಲಸ್ ಪೆನ್ನು ಜಾರಿ ಮೇಜಿನ ಮೇಲೆ ಟಕ್ ಎಂದು ಬಿತ್ತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

‘ಥೂ! ಬಂದ ಗಳಿಗೆಯಲ್ಲೇ ಮಾನ ಹೋಯ್ತು...’

“ಅಂಗೈ ಇಟ್ರೆ ಅಲ್ಲೆಲ್ಲ ಗೆರೆ ಬೀಳಲ್ವಾ?” ಅವಳು ಸಂಕೋಚದಿಂದ ಕೇಳಿದಳು.

“ಇಟ್ಟು ನೋಡಿ. ಯಾವುದು ಪೆನ್ನು, ಯಾವುದು ಅಂಗೈ ಅಂತ ಈ ಸ್ಕ್ರೀನಿಗೆ ಗೊತ್ತಾಗುತ್ತೆ.”

ಅನುಮಾನದಿಂದಲೇ ಅಂಗೈ ಊರಿದಳು. ಏನೂ ಆಗಲಿಲ್ಲ. ನಿಬ್ಬು ಸೋಕಿದ ಕಡೆ ಮಾತ್ರ ಒಂದು ಕಪ್ಪು ಚುಕ್ಕೆ ಮೂಡಿತು. ಒತ್ತಿದಳು, ದಪ್ಪಗಾಯಿತು. ಸಡಿಲ ಬಿಟ್ಟಳು, ಕೂದಲೆಳೆಯಷ್ಟು ತೆಳ್ಳಗಾಯಿತು. ಮಸಿಯಿಲ್ಲ, ಕಾಗದವಿಲ್ಲ... ಆದರೂ ತನ್ನ ಬೆರಳಿನ ಭಾರವನ್ನು ಆ ಗಾಜು ಬಲ್ಲದು! ಅವಳು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದಳು.

ಅವನು ನಕ್ಕ. ಆ ನಗುವಿನಲ್ಲಿ ಗೇಲಿ ಇರಲಿಲ್ಲ. ಬೆರಗು ಪಡುವವರನ್ನು ಕಂಡರೆ ಪ್ರೀತಿ ಉಕ್ಕುವ ಜಾತಿಯ ಮನುಷ್ಯ ಅವನು. ಆ ಅಂಗಡಿಯಲ್ಲಿ ಪೆನ್ನು, ಟ್ಯಾಬ್ಲೆಟ್ಟುಗಳನ್ನು ತೋರಿಸಿ ವಿವರಿಸುವುದು ಅವನ ಕೆಲಸ. ಜೊತೆಗಾರರೆಲ್ಲ ಅವನನ್ನು ಪೆನ್ನಪ್ಪ ಎಂದೇ ಕರೆಯುತ್ತಿದ್ದರು.

ಇವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ನಡುಕ ಮಾತ್ರ ಉಳಿಯಿತು. ಕಾಗದದ ಮೇಲೆ ಮಸಿಯ ಗೆರೆ ಒಮ್ಮೆ ನಡುಗಿದರೆ ಅಳಿಸುವಂತಿಲ್ಲವಲ್ಲ! ಒಂದು ಮುದಿ ಬೀದಿನಾಯಿಯ ಕಥೆಗೆ ಚಿತ್ರ ಬೇಕಾಗಿತ್ತು. ಮಾದರಿ ಪುಟ ನೋಡಿಯೇ ಕೆಲಸ ಕೊಡುವುದೆಂದು ಸಂಪಾದಕಿ ಹೇಳಿಬಿಟ್ಟಿದ್ದರು.

“ಟ್ಯಾಬ್ಲೆಟ್ಟಲ್ಲಾದ್ರೆ ಎಷ್ಟು ಸಲ ಬೇಕಾದ್ರೂ ಅಳಿಸಬಹುದಂತೆ ಕಣೇ ಚಿನಕುರಳಿ,” ಎಂದು ಅತ್ತಿಗೆಯೇ ಅವಳನ್ನು ಎಳೆದುಕೊಂಡು ಬಂದಿದ್ದಳು.

ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಈ ಪುಟ ಬರದಿದ್ದರೆ ತಾನಿನ್ನು ಚಿತ್ರಗಾರ್ತಿಯೇ ಅಲ್ಲ... ಆ ಯೋಚನೆ ಬಂದರೆ ಅವಳ ಎದೆ ಝಲ್ಲೆನ್ನುತ್ತಿತ್ತು.

ಅಂದಿನಿಂದ ಶುರುವಾಯಿತು ನೋಡಿ, ಪೆನ್ನು, ಟ್ಯಾಬ್ಲೆಟ್ಟುಗಳನ್ನು ಹೋಲಿಸಿ ನೋಡುವ ನೆಪ!

ಒಂದು ದಿನ ಸ್ಕ್ರೀನೇ ಇಲ್ಲದ ಕಪ್ಪು ಹಲಗೆ. ಕೈ ಕೆಳಗೆ, ಚಿತ್ರ ಎದುರಿನ ಕಂಪ್ಯೂಟರಿನಲ್ಲಿ. “ಇದೇನ್ರೀ, ಕಣ್ಣೊಂದು ಕಡೆ ಕೈಯೊಂದು ಕಡೆ!” ಎಂದು ಅವಳು ಗೊಣಗಿದಳು. ಇನ್ನೊಂದು ದಿನ ಚಾರ್ಜ್ ಮಾಡಬೇಕಾದ ಪೆನ್ನು. ಮತ್ತೊಂದು ದಿನ ಬ್ಯಾಟರಿಯೇ ಇಲ್ಲದ್ದು, ಕಡ್ಡಿಯಷ್ಟು ಹಗುರ. ಗಾಜು ಜಾರುತ್ತದೆ ಎಂದಾಗ ಅವನು ಒಂದು ತೆಳು ಹಾಳೆ ಅಂಟಿಸಿದ. ನಿಬ್ಬು ಕಾಗದದ ಮೇಲೆ ಓಡಿದಂತೆ ಸರ್‌ಸರ್ ಎಂದಿತು. ಆ ಸದ್ದಿಗೆ ಅವಳ ಕಣ್ಣು ತುಂಬಿಬಂತು.

“ಈಗ ಲೇಯರ್ ನೋಡಿ. ಗಾಜಿನ ಹಾಳೆಗಳನ್ನ ಒಂದರ ಮೇಲೊಂದು ಇಟ್ಟ ಹಾಗೆ. ಕೆಳಗೆ ಬೀದಿ, ಮೇಲೆ ನಾಯಿ. ನಾಯಿ ಬೇಡ ಅನ್ಸಿದ್ರೆ ಎತ್ತಿಡಿ. ಬೀದಿ ಹಾಗೇ ಇರುತ್ತೆ.”

“ಅಬ್ಬಾ! ಇದೊಳ್ಳೆ ಮಾಯಾಲೋಕ!”

ಅವಳ ಗೆರೆ ನಡುಗುವುದನ್ನು ಅವನು ಮೊದಲ ದಿನವೇ ಕಂಡಿದ್ದ. ಯಾಕೆಂದು ಕೇಳಲಿಲ್ಲ. ಮರುದಿನ ಹಿಡಿಕೆ ದಪ್ಪಗಿರುವ ಪೆನ್ನನ್ನು ಸುಮ್ಮನೆ ಅವಳ ಮುಂದಿಟ್ಟ. ಕೇಳದಿದ್ದುದಕ್ಕೇ ಅವಳ ಮನಸ್ಸು ಸೋತುಹೋಯಿತು.

“ಹೋಗೋದು ಪೆನ್ನು ನೋಡೋಕೋ, ಪೆನ್ನಪ್ಪನ್ನ ನೋಡೋಕೋ?” ಅತ್ತಿಗೆ ಕೆಣಕಿದಳು.

“ಅತ್ತಿಗೆ, ನೀವು ಸುಮ್ನಿರಿ!” ಅಂದಳೇ ಹೊರತು ಕೆನ್ನೆ ಬೇರೆಯೇ ಹೇಳುತ್ತಿತ್ತು.

ಅಂಗಡಿಯ ಮುಂಭಾಗದ ದೊಡ್ಡ ಟ್ಯಾಬ್ಲೆಟ್ಟಿನ ಸುತ್ತ ಯಾವಾಗಲೂ ಜನ. ಅವನು ಯಾಕೋ ಅವಳನ್ನು ಅತ್ತ ಕರೆದೊಯ್ಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಅಲ್ಲಿ ಯಾರೂ ಇರಲಿಲ್ಲ. ಅವನು ಒಳಗೆಲ್ಲೋ ಪೆಟ್ಟಿಗೆ ಜೋಡಿಸುತ್ತಿದ್ದ. ಅವಳೇ ಕುಳಿತು ಪೆನ್ನೆತ್ತಿಕೊಂಡಳು.

ಒಂದು ಗೆರೆ ಎಳೆದಳು... ನಡುಗಲಿಲ್ಲ!

ಇನ್ನೊಂದು... ಬಳುಕಿಕೊಂಡು, ನೀಟಾಗಿ, ಕೈ ಮುರಿಯುವ ಮೊದಲು ಬರುತ್ತಿದ್ದ ಹಾಗೆಯೇ ಬಂತು.

‘ಕೈ ಸರಿಹೋಯ್ತು... ನನ್ನ ಕೈ ಸರಿಹೋಯ್ತು!’

ಅವನು ಹೊರಗೆ ಬಂದಾಗ ಅವಳು ನಗುತ್ತಾ ಅಳುತ್ತಿದ್ದಳು. “ನೋಡಿ! ನೋಡಿ ಇಲ್ಲಿ!” ಎಂದು ಅಂಗಡಿಯವರೆಲ್ಲರ ಎದುರೇ ಅವನ ತೋಳು ಹಿಡಿದು ಅಲುಗಾಡಿಸಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

ಅವತ್ತೇ ಅಂಥದ್ದೇ ಒಂದು ಟ್ಯಾಬ್ಲೆಟ್ ಅವಳ ಮನೆ ಸೇರಿತು.

ಮನೆಯಲ್ಲಿ ಪೆನ್ನು ಊರಿದರೆ ಗೆರೆ ಮತ್ತೆ ನಡುಗಿತು! ಅದೇ ಟ್ಯಾಬ್ಲೆಟ್, ಅದೇ ಪೆನ್ನು, ಅದೇ ಕೈ... ಸೆಟ್ಟಿಂಗನ್ನೆಲ್ಲ ಜಾಲಾಡಿದಳು. ಗೆರೆಯನ್ನು ನುಣುಪು ಮಾಡುವ ಪಟ್ಟಿಯೊಂದು ಕಣ್ಣಿಗೆ ಬಿತ್ತು. ಅದು ಸೊನ್ನೆಯಲ್ಲಿತ್ತು. ಕೊನೆಯವರೆಗೆ ಎಳೆದಳು. ಗೆರೆ ಬೆಣ್ಣೆಯಂತಾಯಿತು.

ಕೈ ಸರಿಹೋಗಿರಲಿಲ್ಲ. ಯಂತ್ರವೇ ಅವಳ ನಡುಕವನ್ನು ಒರೆಸಿಹಾಕಿತ್ತು. ಪೆನ್ನು ಮುಂದೆ ಹೋಗಿ ಗೆರೆ ಒಂದು ಚೂರು ತಡವಾಗಿ ಹಿಂದೆ ಬರುತ್ತಿತ್ತು. ಇಷ್ಟು ವರ್ಷ ಗೆರೆಯನ್ನೇ ನಂಬಿ ಬದುಕಿದವಳು, ಖುಷಿಯಲ್ಲಿ ಅದನ್ನೂ ಗಮನಿಸಿರಲಿಲ್ಲ!

‘ಅವನಿಗೆ ಗೊತ್ತಿತ್ತು... ಒಂದು ಟ್ಯಾಬ್ಲೆಟ್ ಮಾರೋಕೆ ನನ್ನ ಕಣ್ಣೀರನ್ನೂ ನೋಡ್ತಾ ನಿಂತಿದ್ನಲ್ಲ!’

ಹಲ್ಲು ಕಚ್ಚಿಕೊಂಡು ಆ ನುಣುಪು ಗೆರೆಯಲ್ಲೇ ಪುಟ ಮುಗಿಸಿ ಕಳಿಸಿದಳು. ಸಂಪಾದಕಿಯ ಫೋನು ಬಂತು.

“ನೀಟಾಗಿದೆ ಕಣಮ್ಮ. ಆದ್ರೆ ಇದು ಪ್ಲಾಸ್ಟಿಕ್ ನಾಯಿ. ಯಾರು ಬೇಕಾದ್ರೂ ಬರೀಬಹುದು. ನಾಳೆ ಸಂಜೆಯೊಳಗೆ ಇನ್ನೊಂದು ಕಳ್ಸು. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ.”

ಮರುದಿನ ಅವಳು ಟ್ಯಾಬ್ಲೆಟ್ಟನ್ನು ಪೆಟ್ಟಿಗೆಗೆ ತುಂಬಿ ಅಂಗಡಿಗೆ ನುಗ್ಗಿದಳು. “ನಿಧಾನ ಕಣೇ!” ಎನ್ನುತ್ತ ಹಿಂದಿನಿಂದ ಅತ್ತಿಗೆ.

“ತಗೊಳ್ಳಿ! ನಿಮ್ಮ ಸುಳ್ಳುಗಾರ ಯಂತ್ರ!”

ಅವನ ಮುಖ ಬಿಳಿಚಿಕೊಂಡಿತು.

“ಮುಂದಿರೋ ಟ್ಯಾಬ್ಲೆಟ್ಟಲ್ಲಿ ಯಾವಾಗ್ಲೂ ನುಣುಪು ಪೂರ್ತಿ ಏರಿಸಿಟ್ಟಿರ್ತೀವಿ. ಬಂದೋರಿಗೆಲ್ಲ ‘ನಾನೂ ಕಲಾವಿದ’ ಅನ್ಸಲಿ ಅಂತ. ಯಜಮಾನರ ಕಟ್ಟಪ್ಪಣೆ. ಅದಕ್ಕೇ ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿರ್ಲಿಲ್ಲ.”

“ಹಾಗಿದ್ರೆ ಅವತ್ತು ಯಾಕೆ ಹೇಳ್ಲಿಲ್ಲ?”

“ಹೇಳೋಕೇ ಬಂದೆ. ನೀವು ಅಷ್ಟು ಸಂತೋಷವಾಗಿದ್ರಿ... ಕಸಿದುಕೊಳ್ಳೋಕೆ ಆಗ್ಲಿಲ್ಲ. ತಪ್ಪು ನಂದೇ. ಬೈದುಬಿಡಿ.”

“ಬೈದ್ರೆ ಕೈ ಬರುತ್ತಾ? ಇನ್ನು ಪೆನ್ನೇ ಮುಟ್ಟಲ್ಲ ನಾನು!”

ಅವನು ಪೆಟ್ಟಿಗೆ ಬಿಚ್ಚಿದ. ಟ್ಯಾಬ್ಲೆಟ್ ತೆಗೆದು, ನುಣುಪನ್ನು ಸೊನ್ನೆಗೆ ಇಳಿಸಿ ಅವಳ ಮುಂದಿಟ್ಟ.

“ಒಂದೇ ಒಂದು ಸಲ. ಸಿಟ್ಟಲ್ಲೇ ಬರೀರಿ. ಆಮೇಲೆ ಬೇಕಾದ್ರೆ ಒಡೆದುಹಾಕಿ, ದುಡ್ಡು ನಾನೇ ಕಟ್ಕೊಡ್ತೀನಿ.”

ಅವಳಿಗೆ ಕಳೆದುಕೊಳ್ಳಲು ಇನ್ನೇನಿತ್ತು? ಪೆನ್ನು ಕಿತ್ತುಕೊಂಡು ಗೀಚತೊಡಗಿದಳು. ಕೈ ನಡುಗಿತು. ಬೆನ್ನಿನ ಗೆರೆ ನಡುಗಿತು, ಕಿವಿ ನಡುಗಿತು, ಬಾಲ ನಡುಗಿತು. ನಡುಗಲಿ ಬಿಡು! ತಡೆಯಲಿಲ್ಲ, ಅಳಿಸಲಿಲ್ಲ.

ಅಂಗಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಸರಿದರು.

ತಲೆ ತಗ್ಗಿಸಿ ಗೀಚುತ್ತಿದ್ದವಳು ಆಗಷ್ಟೇ ನೆಟ್ಟಗೆ ಕುಳಿತು ನೋಡಿದಳು.

ಸ್ಕ್ರೀನಿನಲ್ಲಿ ಒಂದು ಮುದಿ ನಾಯಿ ಮಲಗಿತ್ತು. ಒಂದೊಂದು ಕೂದಲೂ ಕೆದರಿತ್ತು. ಕಾಲಲ್ಲಿ ಚಳಿಯಿತ್ತು, ಕಣ್ಣಲ್ಲಿ ವಯಸ್ಸಿತ್ತು. ಈಗಷ್ಟೇ ಉಸಿರೆಳೆದುಕೊಂಡಿತೇನೋ ಎನ್ನುವ ಹಾಗಿತ್ತು! ಇಂಥ ನಾಯಿಯನ್ನು ಅವಳು ಕೈ ಗಟ್ಟಿಯಿದ್ದಾಗಲೂ ಬರೆದಿರಲಿಲ್ಲ.

“ಅಮ್ಮಾ... ಇದು ಎದ್ದು ಬಂದ್ರೆ ಏನೇ ಮಾಡೋದು?” ಅತ್ತಿಗೆ ಪಿಸುಗುಟ್ಟಿದಳು.

“ಇದು... ನಾನಾ ಬರೆದದ್ದು?”

“ನೀವೇ.” ಅವನು ಸ್ಕ್ರೀನಿನತ್ತ ಬಾಗಿದ. “ಇಲ್ಲಿ ದಿನವಿಡೀ ನುಣುಪು ಗೆರೆಗಳನ್ನೇ ನೋಡ್ತೀನಿ. ಎಲ್ಲ ಒಂದೇ ಥರ. ನೀವು ಮೊದಲ ದಿನ ಎಳೆದ ಗೆರೆ ನೋಡಿ ಮೈ ಜುಮ್ಮೆಂದಿತ್ತು.”

ಅಲ್ಲಿಂದಲೇ ಕಳಿಸಿದರು. ಸಂಪಾದಕಿಯ ಫೋನು ಬರುವವರೆಗೆ ಅವಳಿಗೆ ಉಸಿರೇ ಆಡಲಿಲ್ಲ.

“ಎಲ್ಲಿ ಬಚ್ಚಿಟ್ಟಿದ್ದೆ ಈ ನಾಯೀನ? ಕಣ್ಣಲ್ಲಿ ನೀರು ಬಂತಲ್ಲೇ ಹುಡುಗಿ! ಪುಸ್ತಕ ನಿಂದೇ!”

ಅವಳು ಕುಸಿದು ಕುಳಿತು ಬಿಕ್ಕಿದಳು. ಅತ್ತಿಗೆ ಬಲು ಜಾಣೆ, ಕವರು ನೋಡುವ ನೆಪದಲ್ಲಿ ಅಂಗಡಿಯ ಆ ಮೂಲೆಗೆ ಹೋಗಿಬಿಟ್ಟಳು.

“ಇನ್ನೊಂದು ಸಲ ನನ್ನ ಹತ್ರ ಏನಾದ್ರೂ ಮುಚ್ಚಿಟ್ರೆ...” ಅವಳು ಕಣ್ಣೊರೆಸಿಕೊಂಡು ಗದರಿದಳು.

“ಮುಚ್ಚಿಟ್ಟಿರೋದು ಇನ್ನೊಂದಿದೆ. ಈಗ್ಲೇ ಹೇಳಿಬಿಡ್ತೀನಿ. ನೀವು ಬರದ ದಿನ ಈ ಅಂಗಡಿಯಲ್ಲಿ ನಂಗೆ ಹೊತ್ತೇ ಹೋಗಲ್ಲ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ.”

ಅವಳು ಮೆಲ್ಲನೆ ಬಲಗೈ ಮುಂದೆ ಚಾಚಿದಳು.

“ಈ ಕೈ ಇನ್ನು ಯಾವಾಗ್ಲೂ ಹೀಗೇ. ಪರವಾಗಿಲ್ವಾ?”

ಉತ್ತರಕ್ಕೆ ಅವನು ಆ ಕೈಯನ್ನು ಹಿಡಿದುಕೊಂಡ. ಹಿಡಿದ ಕೂಡಲೇ ಅವಳು ಅಚ್ಚರಿಯಿಂದ ಅವನನ್ನೇ ನೋಡಿದಳು.

“ಈಗ ನಡುಗ್ತಿರೋದು ಯಾರ ಕೈ?”

“ಗೊತ್ತಾಗ್ತಿಲ್ಲ,” ಎಂದ ಅವನು.

“ನಂಗೂ,” ಎಂದಳು ಅವಳು, ಕೈ ಬಿಡದೆ.