ಬರಿದಾಗದ ಕಲ್ಲುಬಾನಿ

ಆಕಾಶ ಇನ್ನೂ ತಗ್ಗಿನಲ್ಲಿದ್ದ ಕಾಲ. ಉದ್ದನೆ ಹೆಂಗಸರು ಸೀರೆ ಒಣಹಾಕಬೇಕಾದರೆ ಮೋಡ ಸರಿಸಬೇಕಿತ್ತು. ಆಗ ಹೊಂಬಯಲು ಅಂತ ಒಂದು ರಾಜ್ಯ. ಅಲ್ಲಿನ ಚಿಗರೆ ಜಿಂಕೆಗಳ ಕೊಂಬು ಎಷ್ಟುದ್ದ ಅಂದರೆ, ತುದಿಯಲ್ಲಿ ಕೂತ ಗುಬ್ಬಿಮರಿ ಬುಡಕ್ಕೆ ಇಳಿಯುವಷ್ಟರಲ್ಲಿ ಮುದಿಯಾಗುತ್ತಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಆ ರಾಜ್ಯದಲ್ಲೊಂದು ಪದ್ಧತಿ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಒಂದು ಸೇರು ನೆನೆಸಿದ ಹುರುಳಿ ಒಯ್ದು ಚಿಗರೆಗಳಿಗೆ ಚೆಲ್ಲಬೇಕು. ಕಾಡಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕೊಳ. ಯಾರಿಗೆ ಯಾವುದು ಹತ್ತಿರವೋ ಅದರ ದಂಡೆಗೆ ಹೋಗುತ್ತಿದ್ದರು.

ಒಂದು ದಿನ ಧೂಮಜಟ ಎಂಬ ಮಾಂತ್ರಿಕ ಬಂದ. "ದೊರೆಯೇ, ಮೂರು ಕೊಳ ಮುಚ್ಚಿಸಿ ಕಬ್ಬು ಹಾಕಿಸು. ಬಡಗಣ ಕೊಳದ ಪಕ್ಕ ನಾನೊಂದು ಕಲ್ಲುಬಾನಿ ಇಡುತ್ತೇನೆ. ಎಷ್ಟು ತಿಂದರೂ ಬರಿದಾಗದು. ಎಲ್ಲರೂ ಅಲ್ಲೇ ಹುರುಳಿ ಹಾಕಲಿ" ಎಂದ.

ದೊರೆ ಒಳ್ಳೆಯವನೇ, ಆದರೆ ಸೋಮಾರಿ. ಹೂಂ ಅಂದುಬಿಟ್ಟ.

ಕಾಡಿನ ಚಿಗರೆಯೆಲ್ಲ ಒಂದೇ ಬಾನಿಗೆ ಮುತ್ತಿದವು. ಮೂತಿಗೆ ಮೂತಿ, ಜೊಲ್ಲಿಗೆ ಜೊಲ್ಲು. ಒಂದರ ಬಾಯಿ ಹುಣ್ಣಾಯಿತು, ಆಮೇಲೆ ಹತ್ತರದು, ಆಮೇಲೆ ನೂರರದು. ಜನ ಅಯ್ಯೋ ಎಂದು ಬಾನಿಗೆ ಬೆಲ್ಲವನ್ನೂ ಸುರಿದರು. ಬೆಲ್ಲ ಬಿದ್ದಷ್ಟೂ ಗುಂಪು ಹೆಚ್ಚಿತು, ಗುಂಪು ಹೆಚ್ಚಿದಷ್ಟೂ ಚಿಗರೆ ಸತ್ತವು. ಒಂದೊಂದು ಸತ್ತಾಗಲೂ ಧೂಮಜಟನ ಗಡ್ಡದಲ್ಲಿ ಒಂದು ಬಿಳಿಕೂದಲು ಕಪ್ಪಾಗುತ್ತಿತ್ತು. ಅವುಗಳ ಆಯುಷ್ಯ ಅವನಿಗೆ ಸೇರುತ್ತಿತ್ತು.

ಕೊನೆಗೆ ಅವನೇ ದೊರೆಗೆ, "ಕಾಡಿಗೆ ಮಾರಿ ಹೊಕ್ಕಿದೆ, ಸುಟ್ಟುಬಿಡು" ಎಂದ.

ಆ ಊರಲ್ಲಿ ಮಾಳಿಂಗ ಎಂಬ ಕುರಿಗಾಹಿ. ತಾಯಿಯಿಲ್ಲದ ಒಂದು ಚಿಗರೆಮರಿಗೆ ಕುರಿಹಾಲು ಕುಡಿಸಿ ಸಾಕಿದ್ದ. ಹೆಸರು ಚಂದ್ರಿ. ಅದಕ್ಕೂ ಬಾಯಿಹುಣ್ಣು. ಅದನ್ನು ಹೆಗಲ ಮೇಲೆ ಹೊತ್ತು ಅರಮನೆಗೆ ನಡೆದ.

"ಒಡೆಯಾ, ಮಾರಿಯನ್ನು ಕಂಡೆ."

"ಹೇಗಿದೆಯೋ?"

"ಕಲ್ಲಿನದು. ಒಳಗೆ ನಿಮ್ಮ ಬೆಲ್ಲ ತುಂಬಿದೆ."

ಸಭೆ ನಕ್ಕಿತು. ಮಾಳಿಂಗ ನಗಲಿಲ್ಲ. "ಮೂರು ದಿನ ದಾಟಿದರೆ ನಾವು ಕುರಿ ರೊಪ್ಪದ ಜಾಗ ಬದಲಿಸ್ತೀವಿ. ಇಲ್ಲದಿದ್ದರೆ ಗೊರಸು ಕೊಳೀತದೆ, ರೋಗ ಹತ್ತುತದೆ. ನೀವು ಇಡೀ ಕಾಡನ್ನೇ ಒಂದು ರೊಪ್ಪ ಮಾಡಿದ್ದೀರಿ. ಮುಚ್ಚಿದ ಕೊಳ ತೆಗೆಯೋಕೆ ಬಿಡಿ."

"ತೆಗೀಲಿ," ಎಂದ ಧೂಮಜಟ. "ಮೂರು ದಿನ, ಮೂರು ಕೊಳ. ಆಗದಿದ್ದರೆ ಕಾಡೂ ಬೂದಿ, ಇವನ ಚಂದ್ರಿಯೂ ಬೂದಿ."

ಮೊದಲ ದಿನ ಮೂಡಲ ಕೊಳ. ನೀರುಕ್ಕುವ ಊಟೆಯ ಬಾಯಿ ಮುಚ್ಚಿಕೊಂಡು ಒಂದು ಧೂಳಿನ ಹುಲಿ ಮಲಗಿತ್ತು. "ಯಾಕೆ ಬಂದೆಯೋ?"

"ನೀರು ಕುಡಿದು ಎಷ್ಟು ದಿನ ಆಯ್ತಣ್ಣಾ?"

ಹುಲಿಯ ಕಣ್ಣಿಂದ ಧೂಳು ಉದುರಿತು. ಮಾಳಿಂಗ ಸೋರೆಬುರುಡೆಯ ನೀರೆಲ್ಲ ಅದರ ಬಾಯಿಗೆ ಹೊಯ್ದ. ಹುಲಿ ಹಾಯೆಂದು ಕೆಸರಾಗಿ ಹರಿದುಹೋಯಿತು. ಊಟೆ ಚಿಮ್ಮಿತು.

ಎರಡನೆಯ ದಿನ ಪಡುವಣ ಕೊಳ. ಅಲ್ಲಿ ಕಬ್ಬಿನ ಜಲ್ಲೆಗಳೇ ಹೆಣೆದುಕೊಂಡು ಹೆಬ್ಬಾವಾಗಿದ್ದವು. ಮಾಳಿಂಗ ಸಿಳ್ಳು ಹಾಕಿದ. ಇನ್ನೂರು ಕುರಿ ಬಾಲದಿಂದ ಮೇಯತೊಡಗಿದವು. ಕತ್ತಿನವರೆಗೆ ಬಂದಾಗ ಹಾವು, "ಸಾಕಪ್ಪಾ ಸಾಕು, ಹೋಗ್ತೀನಿ" ಎಂದು ತಲೆಯೊಂದನ್ನೇ ಉರುಳಿಸಿಕೊಂಡು ಓಡಿತು. ಅಲ್ಲೂ ನೀರು ಬಂತು.

ಮೂರನೆಯ ದಿನ ತೆಂಕಣ ಕೊಳ. ಊಟೆಯ ಮೇಲೊಂದು ಬಂಡೆ, ಬಂಡೆಯ ಮೇಲೆ ಧೂಮಜಟನೇ. "ನನ್ನ ಆಯುಷ್ಯ ಇರುವ ತನಕ ಇದು ಅಲುಗದು." ನಾನಲ್ಲಿ ಇದ್ದಿದ್ದರೆ ಕಿರುಬೆರಳಲ್ಲಿ ಎತ್ತುತ್ತಿದ್ದೆ. ಪಾಪ, ಮಾಳಿಂಗನಿಂದ ಆಗಲಿಲ್ಲ. ಹೊತ್ತು ಇಳಿಯಿತು. ದೊರೆ ಪಂಜು ಹಿಡಿಸಿಕೊಂಡು ಬಂದ. ಚಂದ್ರಿ ನಿಲ್ಲಲಾರದೆ ಮಂಡಿಯೂರಿತು.

ಮಾಳಿಂಗ ಬಡಗಣಕ್ಕೆ ಓಡಿದ. ಬಾನಿಯಿಂದ ಒಂದು ಬೊಗಸೆ ಹುರುಳಿ ತಂದ. ಲೋಳೆ ಸೋರುತ್ತಿತ್ತು.

"ಒಡೆಯಾ, ಇದು ಒಳ್ಳೆಯದೇ ಆದರೆ ಇವರು ಒಂದು ತುತ್ತು ತಿಂದು ತೋರಿಸಲಿ. ಆಮೇಲೆ ಕಾಡು ಸುಡಿ, ಜೊತೆಗೆ ನನ್ನನ್ನೂ ಸುಡಿ."

"ಅಷ್ಟೇ ತಾನೆ?" ಎಂದ ದೊರೆ. "ತಿನ್ನಿ ಸ್ವಾಮಿ."

"ಇವತ್ತು ನನಗೆ ಉಪವಾಸ."

"ಬೆಳಿಗ್ಗೆ ನಮ್ಮ ಜೊತೆ ಹನ್ನೆರಡು ಹೋಳಿಗೆ ತಿಂದಿರಿ!"

ದೊರೆಗೆ ಆಗ ತಿಳಿಯಿತು. ಪಂಜನ್ನು ಮಣ್ಣಿಗೆ ತಿಕ್ಕಿ ಆರಿಸಿದ. "ತಿನ್ನಿಸಿರೋ!" ಎಂದ. ಭಟರು ಹಿಡಿದು ತಿನ್ನಿಸಿದರು. ಒಂದು ಕಾಳು ನಾಲಗೆಗೆ ತಾಗಿತೋ ಇಲ್ಲವೋ, ಗಡ್ಡ ಸರ್ರನೆ ಬೆಳ್ಳಗಾಯಿತು. ಕದ್ದ ಆಯುಷ್ಯವೆಲ್ಲ ಹೊರಬಂತು. ಧೂಮಜಟ ಹೊಗೆಯಾಗಿ ಹೋದ. ಬಂಡೆ ತಾನೇ ಉರುಳಿತು, ನೀರು ಬುಗ್ಗೆಂದಿತು.

ಸತ್ತ ಚಿಗರೆ ಮತ್ತೆ ಬರಲಿಲ್ಲ. ಆದರೆ ಮಲಗಿದ್ದವು ಎದ್ದವು. ನಾಲ್ಕು ಹಿಂಡಾಗಿ ನಾಲ್ಕು ಕೊಳಕ್ಕೆ ಚದುರಿದವು. ಹದಿನೈದು ದಿನಕ್ಕೆ ಹುಣ್ಣು ಒಣಗಿತು. ಚಂದ್ರಿ ಮಾಳಿಂಗನ ಕಂಬಳಿಯ ತುದಿ ಜಗಿದು ತೂತು ಮಾಡಿತು. ಅವನಿಗೆ ಆನಂದವೋ ಆನಂದ. "ಬಾಯಿ ನೆಟ್ಟಗಾಯ್ತು ಕಣಮ್ಮಾ, ಇಡೀ ಕಂಬಳಿ ತಿನ್ನು" ಎಂದ.

ಮರುವರ್ಷ ಅರಮನೆಯಲ್ಲಿ ತೊಟ್ಟಿಲು ಕಟ್ಟಿದರು. ಸೋಮಾರಿ ದೊರೆ ಹುರುಳಿ ಸೇರನ್ನು ತಾನೇ ತಲೆಯ ಮೇಲೆ ಹೊತ್ತು, ಏದುಸಿರು ಬಿಡುತ್ತ ತೆಂಕಣ ಕೊಳಕ್ಕೆ ನಡೆದ. ಬಾನಿಯನ್ನು ಬಡಗಣದಿಂದ ತಂದು ದಾರಿಯಲ್ಲಿ ಬೋರಲು ಹಾಕಿಸಿದ್ದರು. ಅದರ ಮೇಲೆ ಕೂತು ದಣಿವಾರಿಸಿಕೊಂಡ. ನಾನೂ ಒಮ್ಮೆ ಅದರ ಮೇಲೆ ಕೂತಿದ್ದೆ. ದೊರೆ ಕೂತ ಜಾಗ ಇನ್ನೂ ಬೆಚ್ಚಗಿತ್ತು.

ಹೊಂಬಯಲಿನವರು ಹೊಟ್ಟೆ ತುಂಬ ಉಂಡು ಹಾಯಾಗಿದ್ದಾರೆ. ಕೇಳಿದ ನೀವೂ ಹಾಗೇ ಇರಿ.