ಎರಡು ಸುಳಿಯ ತಲೆ

"ಅಲ್ಲಿ ಬೇಡ. ಅಲ್ಲಿ ಎರಡು ಬೆರಳಷ್ಟು ಬಿಡಿ."

ತೆರೆದ ಕತ್ತರಿ ತೆರೆದೇ ಉಳಿಯಿತು.

ಅವಳ ಎಡಗೈ ಬೆರಳುಗಳ ನಡುವೆ ಅವನ ನೆತ್ತಿಯ ಒದ್ದೆ ಕೂದಲಿತ್ತು. ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು, ಕಣ್ಣು ಮುಚ್ಚಿ ಕೂತಿದ್ದ ಈ ಅಪರಿಚಿತನಿಗೆ ಅವಳು ಎಲ್ಲಿ ಕತ್ತರಿಸಲು ಹೊರಟಿದ್ದಾಳೆಂದು ಹೇಗೆ ಗೊತ್ತಾಯಿತು?

"ಏನಂದ್ರಿ?"

"ನೆತ್ತಿ ಮೇಲೆ ಎರಡು ಸುಳಿ ಇದೆ. ಗಿಡ್ಡ ಮಾಡಿದ್ರೆ ಕೂದಲು ನೆಟ್ಟಗೆ ನಿಂತ್ಬಿಡುತ್ತೆ. ನಿಮ್ಮ ಅಕ್ಕ ಯಾವಾಗ್ಲೂ ಎರಡು ಬೆರಳು ಬಿಡ್ತಿದ್ರು."

ಅಕ್ಕ...

ಅವಳು ಕನ್ನಡಿ ನೋಡಿದಳು. ನೋಡಬಾರದಿತ್ತು. ಕನ್ನಡಿಯಲ್ಲಿ ಅವನಿದ್ದ, ಅವಳಿದ್ದಳು. ಅವಳ ಹೆಗಲ ಹಿಂದೆ, ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಕ್ಕನೂ ನಿಂತಿದ್ದಳು.

ಅಕ್ಕ ತೀರಿಕೊಂಡು ಆಗ ಹನ್ನೊಂದು ತಿಂಗಳು.

ಆ ಬ್ಯೂಟಿ ಸ್ಕೂಲಿನಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಕನ್ನಡಿ. ಏಳನೆಯದು ಅಕ್ಕನದಾಗಿತ್ತು. ಕೊನೆಯ ಪರೀಕ್ಷೆಗೆ ಮೂರು ವಾರ ಇರುವಾಗ ಬಂದ ಜ್ವರ ಇಳಿಯಲೇ ಇಲ್ಲ. ಮುಂದಿನ ವರ್ಷದ ತರಗತಿ ಶುರುವಾದಾಗ ಅಮ್ಮ ಅಕ್ಕನ ಏಪ್ರನ್ ಇಸ್ತ್ರಿ ಮಾಡಿ, ಅದರ ಮೇಲೆ ಅಕ್ಕನ ನೋಟ್‌ಬುಕ್ ಇಟ್ಟು, ಕಿರಿಯ ಮಗಳ ಕೈಗೆ ಕೊಟ್ಟಳು. ಅವಳು ಬಿಟ್ಟಲ್ಲಿಂದ ನೀನು ಮುಂದುವರಿಸು ಎಂದಷ್ಟೇ ಹೇಳಿದಳು.

ಅಂದಿನಿಂದ ಇಡೀ ಸ್ಕೂಲಿಗೆ ಅವಳು 'ತಂಗಿ'. ತಂಗಿ, ಟವೆಲ್ ಕೊಡು. ತಂಗಿ, ನಿನ್ನ ಅಕ್ಕ ಹೀಗಾ ಹಿಡೀತಿದ್ದಿದ್ದು ಕತ್ತರಿ? ಮೇಡಂ ಕೂಡ ಹಾಜರಿ ಕರೆಯುವಾಗ ಒಮ್ಮೊಮ್ಮೆ ತಡವರಿಸಿ, ಅಕ್ಕನ ಹೆಸರಿನ ಅರ್ಧ ನುಂಗಿಕೊಳ್ಳುತ್ತಿದ್ದರು.

ಮೇಡಂ ದಿನಕ್ಕೆ ಹತ್ತು ಸಲ ಹೇಳುವ ಮಾತು ಒಂದೇ: ಕನ್ನಡಿ ನೋಡಿ ಕತ್ತರಿಸಬೇಡ, ತಲೆ ನೋಡಿ ಕತ್ತರಿಸು. ಹೊಸಬರೆಲ್ಲ ಈ ತಪ್ಪು ಮಾಡುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಬಿಡುತ್ತಾರೆ. ಅವಳು ಬಿಡಲಿಲ್ಲ. ಕನ್ನಡಿಯಲ್ಲಿ ಅವಳ ಕೈ ಅಕ್ಕನ ಕೈಯಂತೆ ಕಾಣುತ್ತಿತ್ತು. ತಲೆ ಬಗ್ಗಿಸಿದರೆ ಅಕ್ಕ ಹೊರಟುಹೋಗುತ್ತಾಳೆ... ಹಾಗಂತ ಯಾರಿಗೆ ಹೇಳುವುದು?

ಎರಡು ಸುಳಿಯವನು ಎದುರು ಬೀದಿಯ ಕನ್ನಡಕದಂಗಡಿಯವನು. ಕಲಿಯುವವರಿಗೆ ತಲೆ ಕೊಡುವ ಧೈರ್ಯವಂತರಲ್ಲಿ ಒಬ್ಬ. ಅಕ್ಕನ ಕಾಲದಿಂದ ಬರುತ್ತಿದ್ದನಂತೆ. ನೋಟ್‌ಬುಕ್ಕಿನಲ್ಲಿ ಅವನ ನೆತ್ತಿಯ ಚಿತ್ರವೇ ಇತ್ತು. ಎರಡು ಸುಳಿ, ಯಾವುದು ಯಾವ ಕಡೆ ತಿರುಗುತ್ತದೆ ಎಂಬ ಬಾಣದ ಗುರುತು. ಅವಳು ಆ ಚಿತ್ರವನ್ನು ಬಾಯಿಪಾಠ ಮಾಡಿದಳು.

ಅವನು ಪ್ರತಿ ಬುಧವಾರ ಬಂದ. ಬಂದವನು ಅವಳನ್ನು ತಂಗಿ ಎನ್ನಲಿಲ್ಲ. ಗೆಳತಿಯರು ಅದನ್ನು ಅವಳಿಗಿಂತ ಮೊದಲು ಗಮನಿಸಿದರು.

"ಊರಿಗೆಲ್ಲ ತಂಗಿ, ಕನ್ನಡಕದವರಿಗೆ ಮಾತ್ರ 'ರೀ'! ಎರಡು ಸುಳಿ ಇದ್ದೋರಿಗೆ ಎರಡು ಮದುವೆ ಕಣೇ. ಒಂದನೇದು ತಪ್ಪಿಹೋಯ್ತು, ಪಾಪ..."

ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಗಲೇ ಒಳಗಿಳಿದಿತ್ತು.

ಪರೀಕ್ಷೆಯ ದಿನ ಅವಳು ಅವನನ್ನೇ ಕೂರಿಸಿದಳು. ಅಕ್ಕನ ಚಿತ್ರದಂತೆ, ಎರಡು ಬೆರಳು ಬಿಟ್ಟು, ಬಾಣದ ಗುರುತಿನ ಜಾಡು ಹಿಡಿದು ಕತ್ತರಿಸಿದಳು. ಒಣಗಿಸಿದ ಮೇಲೆ ನೆತ್ತಿಯ ಕೂದಲು ಹಲ್ಲುಜ್ಜುವ ಬ್ರಷ್‌ನಂತೆ ಎದ್ದು ನಿಂತಿತು. ಫೇಲ್. ಎರಡು ತಿಂಗಳ ನಂತರ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಸರ್ಟಿಫಿಕೇಟೂ ಇಲ್ಲ, ಕುರ್ಚಿಯೂ ಇಲ್ಲ.

ಅಂದು ಮನೆಯಲ್ಲಿ ನೋಟ್‌ಬುಕ್ ತಿರುವಿದಾಗ, ಆ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸಾಲು ಕಂಡಿತು.

'ಇವನನ್ನು ಯಾರಿಗೂ ಬಿಟ್ಟುಕೊಡಲ್ಲ.'

ಹಾಗಾದರೆ ಅವನು ಏಳನೆಯ ಕುರ್ಚಿಗೆ ಬರುವುದು ಅಕ್ಕನ ಏಪ್ರನ್ ನೋಡಲಿಕ್ಕೆ. ಅಕ್ಕನ ಹಾಗಿರುವ ಮೂಗು ನೋಡಲಿಕ್ಕೆ. ಮತ್ತೆ ತಾನು... ಬುಧವಾರ ಬಂತೆಂದರೆ ಎರಡೆರಡು ಸಲ ಜಡೆ ಹೆಣೆದುಕೊಳ್ಳುತ್ತಿದ್ದ ತಾನು? ಸತ್ತವಳ ತಟ್ಟೆಗೇ ಕೈ ಹಾಕಿದಂತೆ ನಾಚಿಕೆಯಾಯಿತು. ಕನ್ನಡಿಯ ಅಕ್ಕ ಅಂದಿನಿಂದ ಬಾಚಣಿಗೆ ಕಚ್ಚಿ ನಗಲಿಲ್ಲ. ಸುಮ್ಮನೆ ನೋಡಿದಳು.

ಅವಳು ಮಾತು ಬಿಟ್ಟಳು. ಅವನು ಬರುವುದು ಬಿಡಲಿಲ್ಲ. ಮರುಪರೀಕ್ಷೆಗೆ ಎರಡು ದಿನ ಇರುವಾಗ, ಅವನ ತಲೆ ತೊಳೆಯುತ್ತಾ, ನಾಳಿದ್ದು ಬೇರೆ ಯಾರನ್ನಾದರೂ ಕರೆಯುತ್ತೇನೆ ಎಂದಳು. ಯಾಕೆ ಎಂದ. ಕೈ ಒರೆಸಿಕೊಂಡು ನೋಟ್‌ಬುಕ್ಕಿನ ಆ ಪುಟವನ್ನು ಅವನ ಮುಖದ ಮುಂದೆ ಹಿಡಿದಳು.

ಅವನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ, ನೀರು ಕಿವಿಗಿಳಿಯುತ್ತಿದ್ದರೂ, ನಗತೊಡಗಿದ.

"ನಗಬೇಡಿ," ಎಂದಳು. ಅವಳ ದನಿ ಒಡೆದಿತ್ತು.

"ಇದು ತಲೆ ವಿಷಯ ಕಣ್ರೀ. ಕಷ್ಟದ ತಲೆಗೆ ಅಂಕ ಜಾಸ್ತಿ ಅಂತ ಅವರ ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ಜನ ಹುಡುಗಿಯರು ನನ್ನ ಅಂಗಡಿಗೆ ಬಂದಿದ್ರು. ಒಬ್ಬರಿಗೂ ಕನ್ನಡಕ ಬೇಕಿರ್ಲಿಲ್ಲ. ನಿಮ್ಮ ಅಕ್ಕ ಅವರ ಜೊತೆ ಜಗಳ ಆಡಿ ನನ್ನನ್ನ ಕಾದಿರಿಸಿದ್ರು."

"ಅಷ್ಟೇನಾ?"

"ನಿಮ್ಮ ಅಕ್ಕ ನನ್ನ ಮುಖಾನೇ ನೋಡಿರ್ಲಿಲ್ಲ. ದಾರೀಲಿ ಸಿಕ್ಕಿ ನಮಸ್ಕಾರ ಅಂದ್ರೆ ಯಾರೋ ಅನ್ನೋ ಹಾಗೆ ನೋಡ್ತಿದ್ರು. ನಾನು ಹಿಂದೆ ತಿರುಗಿ ಹೊರಟ ಮೇಲೆ, ಓ ನೀವಾ, ಅಂತ ಕೂಗ್ತಿದ್ರು."

ಅದು ಅಕ್ಕನೇ. ಅಚ್ಚು ಅಕ್ಕ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಷ್ಟೋ ತಿಂಗಳ ಮೇಲೆ ಯಾರೋ ಬದುಕಿದ್ದ ಅಕ್ಕನ ಸುದ್ದಿ ಹೇಳಿದ್ದರು.

"ಮತ್ತೆ ನೀವ್ಯಾಕೆ ಬರ್ತೀರಿ?"

ಅವನು ಒದ್ದೆ ತಲೆಯಲ್ಲೇ ಎದ್ದು ಕೂತ. "ಕೂದಲು ಬೆಳೆಯೋದು ತಿಂಗಳಿಗೆ ಅರ್ಧ ಅಂಗುಲ. ನಾನು ಬರೋದು ವಾರ ವಾರ. ಲೆಕ್ಕ ನೀವೇ ಹಾಕ್ಕೊಳ್ಳಿ."

ಅವಳು ಟವೆಲ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದಳು.

ಶುಕ್ರವಾರ ಬೆಳಿಗ್ಗೆ ಮೇಡಂ ಮತ್ತು ಹೊರಗಿನಿಂದ ಬಂದ ಪರೀಕ್ಷಕರು ಸಾಲಿನ ತುದಿಯಲ್ಲಿ ನಿಂತರು. ಅವಳು ಕತ್ತರಿ ಎತ್ತಿ ಕನ್ನಡಿ ನೋಡಿದಳು. ಅಕ್ಕ ಬಂದಿದ್ದಳು. ತಲೆ ಬಗ್ಗಿಸಿ ಕೂತ ಅವನ ನೆತ್ತಿ ಕನ್ನಡಿಯಲ್ಲಿ ತೋರುತ್ತಿತ್ತು. ಎರಡು ಸುಳಿ, ಚಿತ್ರದಲ್ಲಿದ್ದ ಹಾಗೆಯೇ, ಅದೇ ದಿಕ್ಕಿಗೆ.

ಆದರೆ ಬೆರಳಿನ ಕೆಳಗೆ ಕೂದಲು ಬೇರೆಯೇ ಕಡೆ ಬಾಗುತ್ತಿತ್ತು.

ಅವಳು ಕತ್ತರಿ ಇಳಿಸಿದಳು. ನೆತ್ತಿಯನ್ನೇ ನೇರವಾಗಿ ನೋಡಿದಳು. ಬಲಕ್ಕೆಂದು ಬರೆದಿದ್ದ ಸುಳಿ ಎಡಕ್ಕೆ ತಿರುಗಿತ್ತು, ಎಡದ್ದು ಬಲಕ್ಕೆ. ಅಕ್ಕ ಚಿತ್ರವನ್ನು ಕನ್ನಡಿ ನೋಡಿ ಬರೆದಿದ್ದಳು. ಅಕ್ಕನಿಗೂ ಅದೇ ಚಟ. ಅಕ್ಕನೂ ಕಲಿಯುತ್ತಿದ್ದವಳು. ಇಪ್ಪತ್ಮೂರು ವರ್ಷದವಳು, ತಪ್ಪು ಮಾಡುತ್ತಿದ್ದವಳು, ತಿದ್ದಿಕೊಳ್ಳಲು ಉಳಿದ ಮೂರು ವಾರ ಸಿಗದೆ ಹೋದವಳು.

ಅವಳು ಕತ್ತು ಬಗ್ಗಿಸಿದಳು. ಮತ್ತೆ ಎತ್ತಲಿಲ್ಲ. ಬೆರಳು ಹೇಳಿದ ಕಡೆ ಬಾಚಿದಳು, ಬೆರಳು ಹೇಳಿದಷ್ಟು ಬಿಟ್ಟಳು. ಕೆಲಸ ಮುಗಿಯುವಷ್ಟು ಹೊತ್ತೂ ಬೆನ್ನ ಹಿಂದೆ ಯಾರೋ ಉಸಿರಾಡಿದಂತೆ ತಣ್ಣಗಿತ್ತು.

ಪರೀಕ್ಷಕರು ನೆತ್ತಿಯ ಕೂದಲನ್ನು ಹಿಂದುಮುಂದು ತಿಕ್ಕಿ ಬಿಟ್ಟರು. ಅದು ತನ್ನಷ್ಟಕ್ಕೆ ಮಲಗಿತು. ಹಾಳೆಯಲ್ಲಿ ಏನೋ ಗೀಚಿ, ತಲೆಯೆತ್ತದೆಯೇ ಪಾಸ್ ಎಂದು ಎಂಟನೆಯ ಕುರ್ಚಿಗೆ ಹೋದರು.

ಅವಳು ಬಟ್ಟೆ ಬಿಚ್ಚಿ ಅವನ ಕತ್ತಿನ ಮೇಲಿನ ಕೂದಲು ಕೊಡವಿದಳು. ಅವನು ಏಳಲಿಲ್ಲ.

"ನನ್ನ ಹಿಂದೆ ನಿಂತಾಗೆಲ್ಲ ನಿಮಗೆ ಅಕ್ಕ ಕಾಣ್ತಾರೆ, ಅಲ್ವಾ?" ಎಂದ ಮೆಲ್ಲಗೆ. "ಒಂದೊಂದ್ಸಲ ನಿಮ್ಮ ಬೆರಳು ಮಂಜಿನ ಹಾಗಾಗುತ್ತೆ. ನೆತ್ತಿಗೆ ಗೊತ್ತಾಗುತ್ತೆ."

ಅವಳು ಬಿಚ್ಚಿದ ಬಿಳಿ ಬಟ್ಟೆಯನ್ನು ಮಡಚತೊಡಗಿದಳು.

"ಪರೀಕ್ಷೆ ಮುಗೀತು. ನಿಮಗೆ ನೆಮ್ಮದಿ ಸಿಗೋದಾದ್ರೆ ನಾನು ಇಲ್ಲಿಗೆ ಬರೋದು ನಿಲ್ಲಿಸ್ತೀನಿ. ಬೇಜಾರೇನಿಲ್ಲ. ನನ್ನಿಂದ ನಿಮಗೆ ಆ ನೆನಪು ಬೇಡ."

"ಅವಳು ಇರ್ತಾಳೆ," ಎಂದಳು. "ನೀವು ಬಂದ್ರೂ ಇರ್ತಾಳೆ, ಬರದಿದ್ರೂ ಇರ್ತಾಳೆ."

"ಹಾಗಾದ್ರೆ ನಾನು..."

ಅವಳು ಕುರ್ಚಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಈಗ ಅವನ ಮುಖ ಅವಳೆದುರಿಗೇ ಇತ್ತು.

"ಹೋಗೋ ಮಾತು ಬೇಡ. ನಾನು ಒಪ್ಪಲ್ಲ."