ಭೀಮನ ಸ್ನಾನ ಮುಗಿಯುವವರೆಗೆ

ಪಾಲಾಕ್ಷ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಾಗ ಅವನ ತೋಳಿನಲ್ಲಿ ಒಂದು ಹಳದಿ ಬೆಕ್ಕಿತ್ತು. ಕೂದಲು ಹಳದಿಯಲ್ಲ, ಅದರ ಮೈಮೇಲೆ ಕೂದಲೇ ಇರಲಿಲ್ಲ. ಬರಿ ಚರ್ಮ, ಚರ್ಮದ ತುಂಬ ಸುಕ್ಕು, ಸುಕ್ಕಿನ ತುಂಬ ಅರಿಶಿನ. ಶಾಸ್ತ್ರಕ್ಕೆ ಕೂರಿಸಿದ ಮದುಮಗನ ಹಾಗೆ ಎಣ್ಣೆಯಲ್ಲಿ ಮಿಂಚುತ್ತಿತ್ತು.

ಬೆಕ್ಕನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು ಅವನನ್ನು. ಒಂದೂವರೆ ವರ್ಷ ಮನಸ್ಸಿನಲ್ಲೇ ಈ ಮುಖವನ್ನು ಎಷ್ಟು ಬೈದಿದ್ದೆನೆಂದರೆ, ಅದು ಎದುರಿಗೆ ಬಂದು ನಿಂತಾಗ ಒಂದು ಬೈಗುಳವೂ ನೆನಪಾಗಲಿಲ್ಲ.

"ರಂಜಿತಾ ಅವ್ರೇ, ನಾನು ಬಂದಿದ್ದು..."

"ಇದಕ್ಕೆ ಅರಿಶಿನ ಹಚ್ಚಿದ್ದು ಯಾರು?"

ಅವನು ತಬ್ಬಿಬ್ಬಾದ. "ಪಕ್ಕದ್ಮನೆ ದಾಕ್ಷಾಯಣಮ್ಮ. ಕಜ್ಜಿ ಹತ್ತಿ ಕೂದಲೆಲ್ಲ ಉದುರೋಗೈತೆ ಪಾಪ ಅಂತ ಹರಳೆಣ್ಣೇಲಿ ಕಲಸಿ ಹಚ್ಚವ್ರೆ. ಸಾಂಬ್ರಾಣಿ ಹೊಗೇನೂ ಕೊಟ್ಟವ್ರೆ. ನಾನು ಆಫೀಸಿಂದ ಬರೋಷ್ಟರಲ್ಲಿ ಬಾಣಂತಿ ಮಗು ಥರ ಸುತ್ತಿ ಮಲಗ್ಸಿದ್ರು."

ನಗು ಬಂತು. ನುಂಗಿದೆ. ಇವನ ಮುಂದೆ ನಗಬಾರದೆಂದು ನನಗೆ ನಾನೇ ಹಾಕಿಕೊಂಡ ಕಟ್ಟು.

ಬೆಕ್ಕಿನ ಹೆಸರು ಭೀಮ. ಚನ್ನರಾಯಪಟ್ಟಣದಲ್ಲಿರುವ ಅವನ ಅಕ್ಕ ಶಾಂತಿಯದು. ಆಕೆ ಬಸುರಿಯಾದ ಮೇಲೆ ಮನೆಯ ಹಿರಿಯರು ಬೆಕ್ಕು ಬೇಡವೇ ಬೇಡ ಎಂದು ಹಟ ಹಿಡಿದರಂತೆ. ಹಾಗಾಗಿ ಅದು ಗೊರೂರಿನ ನೀರಾವರಿ ಕ್ವಾರ್ಟರ್ಸಿಗೆ, ಅಲ್ಲಿ ಜೂನಿಯರ್ ಎಂಜಿನಿಯರ್ ಆಗಿರುವ ತಮ್ಮನ ಹತ್ತಿರ ಬಂದಿತ್ತು. ಕಜ್ಜಿಯೂ ಇಲ್ಲ, ಮಣ್ಣೂ ಇಲ್ಲ. ಈ ಜಾತಿಯ ಬೆಕ್ಕು ಹುಟ್ಟುವುದೇ ಹೀಗೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ನಾಯಿ ಬೆಕ್ಕುಗಳಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಕಿವಿ ಒರೆಸುವ ಅಂಗಡಿ ನನ್ನದು. ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಇದನ್ನು ತೆರೆದಾಗ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಅದೇ ಹೆಮ್ಮೆ ಒಂದೂವರೆ ವರ್ಷದ ಹಿಂದೆ ನಮಗೆ ಮುಳುವಾಯಿತು.

ಅರಕಲಗೂಡಿನಿಂದ ಪಾಲಾಕ್ಷನ ಕಡೆಯವರು ಹೊಳೆನರಸೀಪುರದ ನಮ್ಮ ಮನೆಗೆ ಹೆಣ್ಣು ಕೇಳಲು ಬಂದಿದ್ದ ದಿನ. ಮಾತು ಮುಗಿದು ಒಪ್ಪಿಗೆಯ ಊಟಕ್ಕೆ ಎಲೆ ಹಾಕಿದ್ದೆವು. ನಮ್ಮ ಮನೆಯಲ್ಲಿ ಆ ಊಟಕ್ಕೆ ತುಪ್ಪ ಬಡಿಸುವುದು ಹುಡುಗಿಯೇ. ಅವನ ಎಲೆಯ ಮುಂದೆ ಬಗ್ಗಿದಾಗ ಸಾಕು ಎಂದು ಅಂಗೈ ಅಡ್ಡ ಹಿಡಿದ. ಆದರೆ ಬೆರಳುಗಳನ್ನು ಅಗಲಿಸಿ, ಸಂದಿಯಿಂದ ಇನ್ನೊಂದು ಚಮಚ ಬಿದ್ದರೂ ಬೀಳಲಿ ಎನ್ನುವ ಹಾಗೆ. ನಾನು ಬೆರಳಿನ ಮೇಲೇ ಹಾಕಿದೆ. ಅವನು ತಲೆಯೆತ್ತದೆ ನಕ್ಕ. ಆ ನಗುವಿಗೆ ನಾನು ಅಲ್ಲೇ, ತುಪ್ಪದ ಗಿಣ್ಣಲು ಹಿಡಿದುಕೊಂಡೇ, ಮನಸ್ಸು ಕೊಟ್ಟುಬಿಟ್ಟೆ.

ಮಧ್ಯಸ್ಥಗಾರ ಅವರಿಗೆ ನಾನು ದನದ ಆಸ್ಪತ್ರೆಯಲ್ಲಿ ನೌಕರಿ ಎಂದಿದ್ದನಂತೆ. ಅಪ್ಪ ಸಂಭ್ರಮದಲ್ಲಿ, "ನೌಕ್ರಿ ಅಲ್ಲ, ಸ್ವಂತ ಅಂಗ್ಡಿ. ಎಂಥ ಕಚ್ಚೋ ನಾಯಿನೂ ನಮ್ಮ ಮಗಳ ಕೈಲಿ ಸ್ನಾನ ಮಾಡ್ಸ್ಕತೈತೆ" ಎಂದರು. ಪಾಲಾಕ್ಷನ ಸೋದರಮಾವ ಹಿಡಿದ ತುತ್ತನ್ನು ಎಲೆಗೆ ಬಿಟ್ಟ. "ನಾಯಿ ಬೆಕ್ಕಿನ ಮೈ ತಿಕ್ಕೋ ಕೈ ನಮ್ಮನೆ ಒಲೆ ಮುಟ್ಟದು ಬ್ಯಾಡ. ಏಳ್ರಲಾ."

ಏಳು ಜನ ಎದ್ದರು. ಏಳನೆಯವನು ಪಾಲಾಕ್ಷ. ಒಂದು ಮಾತೂ ಆಡಲಿಲ್ಲ. ಅರ್ಧ ಉಂಡ ಎಲೆಗಳನ್ನು ಎತ್ತಲು ನನಗೆ ಕೈ ಬರಲಿಲ್ಲ. ಊರಿನ ಪಂಚಾಯ್ತಿಗಳಲ್ಲಿ ಮೊದಲ ಕುರ್ಚಿಯಲ್ಲಿ ಕೂರುತ್ತಿದ್ದ ನಂಜಪ್ಪನವರು, ನನ್ನ ಅಪ್ಪ, ಪಂಚೆ ಮೇಲಕ್ಕೆ ಕಟ್ಟಿ, ಬಗ್ಗಿ, ಒಂದೊಂದಾಗಿ ಎಲೆ ಎತ್ತಿದರು.

ಅವತ್ತಿನಿಂದ ನನಗೆ ಒಂದೇ ಆಸೆ. ಇವನು ಸಿಗಬೇಕು.

ಸಿಕ್ಕಿದ್ದ. ಬಾಯಲ್ಲಿ ಕ್ಷಮೆಯ ಮಾತನ್ನು ಸಿದ್ಧಮಾಡಿಕೊಂಡು ಬಂದಿದ್ದ. ಅದನ್ನು ಆಡಲು ಬಿಟ್ಟರೆ ಅವನ ಎದೆ ಹಗುರವಾಗುತ್ತದೆ. ನನ್ನದು?

"ನೋಡಿ," ಎಂದೆ, "ಇಂಥ ಬೆಕ್ಕಿಗೆ ವಾರಕ್ಕೊಂದು ಸ್ನಾನ ಆಗಲೇಬೇಕು. ಮೈಯಿಂದ ಬರೋ ಜಿಡ್ಡನ್ನ ಹೀರ್ಕೊಳ್ಳೋಕೆ ಕೂದಲಿಲ್ಲ. ನೀವೇ ಮಾಡಿಸ್ಬೇಕು, ನಾನು ಹೇಳ್ಕೊಡ್ತೀನಿ. ಪ್ರತಿ ಭಾನುವಾರ ಎಂಟು ಗಂಟೆಗೆ. ಇನ್ನೊಂದು ವಿಷ್ಯ. ಇವುಕ್ಕೆ ಮನುಷ್ಯರ ಮಾತು ನೇರ ಚರ್ಮಕ್ಕೇ ತಾಕುತ್ತೆ, ಬೆದರ್ತವೆ. ನಾನು ಹೇಳ್ಕೊಡೋದು ಬಿಟ್ರೆ ಅಂಗಡಿ ಒಳಗೆ ಒಂದು ಮಾತೂ ಆಡಂಗಿಲ್ಲ."

"ನಾನಾ?"

"ಶ್."

ಅವನು ನನ್ನನ್ನೇ ನೋಡಿದ. ಬಾಯಿ ಮುಚ್ಚಿದ. ಅವತ್ತು ಸುಮ್ಮನಿದ್ದೆಯಲ್ಲ, ಈಗಲೂ ಇರು ಎಂದುಕೊಂಡೆ.

ಮೊದಲ ಭಾನುವಾರ ಟಬ್ಬಿನ ನೀರೆಲ್ಲ ಹಳದಿಯಾಯಿತು. ಭೀಮ ಅವನ ಎರಡೂ ಮುಂಗೈಗಳನ್ನು ಗೀರಿದ. ಅವನು ಅಯ್ಯೋ ಎನ್ನಲು ಬಾಯಿ ತೆರೆದು, ನನ್ನ ಮುಖ ನೋಡಿ, ಹಲ್ಲು ಕಚ್ಚಿದ. ನನಗೆ ಎಷ್ಟು ತೃಪ್ತಿಯಾಯಿತೆಂದರೆ ಮಧ್ಯಾಹ್ನ ಎರಡು ಮುದ್ದೆ ಉಂಡೆ.

ಮುಂದಿನ ವಾರ ಇನ್ನೊಂದು ನಿಯಮ ಸೇರಿಸಿದೆ. ಬೈಕಿನ ಗಾಳಿಗೆ ಬೆಕ್ಕಿಗೆ ಶೀತವಾಗುತ್ತದೆ. ಬಸ್ಸಿನಲ್ಲಿ, ಅದೂ ಎದೆಗೆ ಅವಚಿಕೊಂಡು ತರಬೇಕು. ಶೀತದ ಮಾತು ನಿಜವೇ. ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರೂ ಸಾಕಿತ್ತು, ಅದನ್ನು ಹೇಳಲಿಲ್ಲ. ಗೊರೂರಿನ ಮೇಲೆ ಬರುವ ಅರಕಲಗೂಡು ಬಸ್ಸಿನಿಂದ ಅವನು ಇಳಿದಾಗ ಸ್ವೆಟರಿನ ಕುತ್ತಿಗೆಯಿಂದ ಭೀಮನ ತಲೆ ಹೊರಗಿತ್ತು. ಹಿಂದೆಯೇ ಇಳಿದ ಹೆಂಗಸೊಬ್ಬಳು, "ಮಗೀಗೆ ಏನಾಯ್ತು ಸಾ? ಇಂಗಾಗೈತಲ್ಲ!" ಎಂದು ಕೇಳುತ್ತಲೇ ಅಂಗಡಿಯವರೆಗೂ ಬಂದಳು. ಅವನು ಕೆಂಪಾಗಿದ್ದ. ಕೊನೆಗೆ ಉತ್ತರ ಕೊಡಲು ತಿರುಗಿದಾಗ ಅಂಗಡಿಯ ಹೊಸ್ತಿಲು ದಾಟಿಯಾಗಿತ್ತು, ಮಾತಾಡುವಂತಿರಲಿಲ್ಲ.

ಹೀಗೆ ವಾರಗಳು ಕಳೆದವು. ನಾನು ತೋರಿಸಿದೆ, ಅವನು ಕಲಿತ. ಕುತ್ತಿಗೆಯ ಮಡಿಕೆಗಳನ್ನು ಬಿಡಿಸಿ ಒರೆಸುವುದು. ಗದ್ದದ ಕೆಳಗಿನ ಕಪ್ಪು ಚುಕ್ಕೆಗಳನ್ನು ಕೀಳದೆ ಬೆಚ್ಚನೆಯ ಬಟ್ಟೆಯಿಂದ ಮೆತ್ತಗೆ ತಿಕ್ಕುವುದು. ಉಗುರಿನ ಬುಡದ ಕೊಳೆ. ಕಿವಿಯ ಕಂದು ಬಣ್ಣದ ಗುಗ್ಗೆ, ಹತ್ತಿಯಿಂದ, ಕಾಣುವಷ್ಟು ಮಾತ್ರ. ದಿನಕ್ಕೆ ನಾಲ್ಕು ಸಲ ಊಟ. ಕಿಟಕಿಯ ಬಿಸಿಲು ಹಿತ, ಆದರೆ ಹೆಚ್ಚಾದರೆ ಚರ್ಮ ಸುಡುತ್ತದೆ.

ಸ್ನಾನದ ನೀರನ್ನು ಅವನು ಮಣಿಕಟ್ಟಿನ ಒಳಮೈಗೆ ತಾಕಿಸಿ ನೋಡುತ್ತಿದ್ದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಒದ್ದೆ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒರಗಿಸಿಕೊಂಡಾಗ ಅದು ಕಣ್ಣು ಮುಚ್ಚುತ್ತಿತ್ತು. ಆಗ ಅವನು ತಲೆಯೆತ್ತುತ್ತಿದ್ದ. ನಾನು ಕತ್ತರಿ ಹುಡುಕುತ್ತಿದ್ದೆ, ಕೈಯಲ್ಲೇ ಇದ್ದ ಕತ್ತರಿಯನ್ನು.

ಮಾತಿಲ್ಲದ ಒಂದು ಗಂಟೆ ಎಷ್ಟು ದೊಡ್ಡದು! ನೀರಿನ ಸದ್ದು, ಭೀಮನ ಗುರುಗುರು, ಅವನ ಉಸಿರು. ನಾನು ಶಿಕ್ಷೆಯೆಂದು ಕೊಟ್ಟ ಮೌನದಲ್ಲಿ ನನಗೇ ಕೂರಲು ಜಾಗ ಸಿಕ್ಕಿತ್ತು. ಹೇಮಾವತಿ ಅಣೆಕಟ್ಟು ತುಂಬಿ ಗೇಟು ಎತ್ತಿದ ವಾರ ಅವನಿಗೆ ಕೆಲಸ ಬಿಟ್ಟು ಬರಲಾಗಲಿಲ್ಲ. ನಾನು ಅಂಗಡಿಯನ್ನು ಮೂರು ಸಲ ಗುಡಿಸಿದೆ. ಮೂರನೆಯ ಸಲ ಪೊರಕೆ ಎಸೆದು ನನ್ನನ್ನೇ ಬೈದುಕೊಂಡೆ. ಅಪ್ಪ ಬಗ್ಗಿದ ಬೆನ್ನನ್ನು ನೆನಪಿಗೆ ತಂದುಕೊಳ್ಳಲು ಈಗ ಪ್ರಯತ್ನ ಬೇಕಾಗುತ್ತಿತ್ತು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಒಂಬತ್ತನೆಯ ಭಾನುವಾರ ಅವನ ಸೋದರಮಾವ ಬಂದ.

ಪಾಲಾಕ್ಷನ ಕೈ ಮೊಣಕೈವರೆಗೂ ನೊರೆಯಲ್ಲಿತ್ತು. ಮಾವ ಬಾಗಿಲಲ್ಲೇ ನಿಂತು ಮೂಗಿಗೆ ಟವೆಲು ಹಿಡಿದ. "ಲೇ ಪಾಲಾಕ್ಷ! ಚನ್ನರಾಯಪಟ್ಣದಲ್ಲಿ ಹೆಣ್ಣಿನ ಕಡೆಯೋರು ಕಾಯ್ತಾವ್ರೆ. ಕ್ವಾರ್ಟರ್ಸ್‌ಗೆ ಓದ್ರೆ ಬೆಕ್ಕು ಎತ್ಕೊಂಡು ಹಾಸನಕ್ಕೆ ಓದ ಅಂತಾರೆ. ಇದೇನ್ಲಾ ಇದು, ಮಾನ ಮರ್ವಾದೆ ಇಲ್ವಾ?" ಆಮೇಲೆ ನನ್ನ ಗುರುತು ಹತ್ತಿತು. "ಓಹೋ. ಅದೇ ಹುಡ್ಗಿ. ಮೈ ತಿಕ್ಕೋದ ನಿಂಗೂ ಕಲಿಸವ್ಳೆ ಅನ್ನು."

ಪಾಲಾಕ್ಷ ನನ್ನತ್ತ ನೋಡಿದ.

ನಾನು ತುಟಿಯ ಮೇಲೆ ಬೆರಳಿಟ್ಟೆ.

ಬೇಕೆಂದೇ ಇಟ್ಟೆ. ಇನ್ನೊಂದು ಸಲ ಇವನು ಸುಮ್ಮನಿರಲಿ, ಅದನ್ನು ನಾನು ಕಣ್ಣಾರೆ ನೋಡಲಿ. ಹಾಗಾದರೆ ನನ್ನ ಸಿಟ್ಟಿನ ಆಯುಷ್ಯ ಗಟ್ಟಿಯಾಗುತ್ತದೆ, ಭಾನುವಾರಗಳ ಕಾಟ ತಪ್ಪುತ್ತದೆ, ನಾನು ನಿಶ್ಚಿಂತೆಯಿಂದ ದ್ವೇಷಿಸಬಹುದು.

ಅವನು ನನ್ನ ಬೆರಳನ್ನು ನೋಡಿದ. ನನ್ನ ಮಾತನ್ನು ಮೊದಲ ಸಲ ಮೀರಿದ.

"ಚನ್ನರಾಯಪಟ್ಣಕ್ಕೆ ನಾನು ಬರಲ್ಲ ಮಾವ."

"ಏನಂದೆ?"

"ಇವ್ನ ಕಿವಿ ಒರೆಸೋದು ಬಾಕಿ ಐತೆ. ಅದಾದ್ಮೇಲೆ ಹೊಳೆನರಸೀಪುರಕ್ಕೆ ಓಗ್ತೀನಿ. ಆವತ್ತು ನೀವು ಏಳು ಅಂದ್ರಿ, ಎದ್ದೆ. ಎದ್ದಿದ್ದು ನಿಮ್ಮ ತಪ್ಪಲ್ಲ, ನಂದು."

"ಆ ಮನೆ ಹೊಸ್ಲು ತುಳುದ್ರೆ ನಿಂಗೂ ನಂಗೂ ಆಗ್ಬರಲ್ಲ ಕಣ್ಲಾ!"

"ಆಗ್ಲಿ ಮಾವ." ಅವನ ಕೈ ಭೀಮನ ಬೆನ್ನನ್ನು ಬಿಡಲಿಲ್ಲ. "ಈ ಕೆಲ್ಸ ಮಾಡೋರನ್ನ ಇನ್ನೊಂದು ಸಲ ಅಂಗನ್ಬೇಡಿ. ಈಗ ನಾನೂ ಮಾಡ್ತೀನಿ. ನಂಗೂ ಅಂದಂಗೆ ಆಗುತ್ತೆ."

ಮಾವ ಹೋದ. ಅವನ ಕಾರಿನ ಸದ್ದು ಅಡಗಿತು. ಭೀಮ ಟಬ್ಬಿನಲ್ಲಿ ಅರೆಗಣ್ಣು ಮುಚ್ಚಿ ಕೂತೇ ಇದ್ದ.

"ಬೆದರ್ಲಿಲ್ಲ," ಎಂದ ಪಾಲಾಕ್ಷ.

"ಏನು?"

"ಮಾತಿಗೆ. ಕ್ವಾರ್ಟರ್ಸಲ್ಲಿ ದಾಕ್ಷಾಯಣಮ್ಮ ಬೆಳಿಗ್ಗೆಯಿಂದ ಟೀವಿ ಕೂಗಿಸ್ತಾರೆ. ಇವ್ನು ಅದ್ರ ಮುಂದೇನೇ ಮಲಗ್ತಾನೆ."

ನನ್ನ ಕಿವಿ ಬಿಸಿಯಾಯಿತು. "ಹಾಗಾದ್ರೆ ನಿಮಗೆ..."

"ಮೊದಲನೇ ವಾರದಿಂದ್ಲೇ ಗೊತ್ತು."

"ಮತ್ಯಾಕೆ ಸುಮ್ಮನಿದ್ರಿ?"

"ನಿಮ್ಮ ಮುಂದೆ ಬಾಯಿ ತೆಗೆಯೋ ಯೋಗ್ಯತೆ ಇರ್ಲಿಲ್ಲ. ಬರಕ್ಕೆ ಬಿಟ್ರಲ್ಲ, ಅದೇ ಹೆಚ್ಚು ಅನ್ಸ್ತು."

ನೊರೆ ತೊಳೆದು, ಕಿವಿ ಒರೆಸಿ ಮುಗಿಸಿದ. ಭೀಮನನ್ನು ನನ್ನ ಮಡಿಲಿಗೆ ಕೊಟ್ಟು, ಅಂಗಿಯ ಒದ್ದೆ ತೋಳನ್ನು ಇಳಿಸಿಕೊಳ್ಳುತ್ತ ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟ. ನಾನು ತಡೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಹನ್ನೊಂದೂವರೆಗೆ ಅಪ್ಪನ ಫೋನು. ದನಿ ತಗ್ಗಿಸಿದ್ದರು.

"ಮಗಾ, ಅರಕಲಗೂಡಿನ ಆ ಹುಡುಗ ಬಂದವ್ನೆ. ಬಾಗಿಲಾಚೆ ನಿಂತವ್ನೆ. ಒಳಕ್ಕೆ ಕರೀಲೋ, ಅಂಗೇ ಕಳಿಸ್ಲೋ? ನೀ ಹೇಳ್ದಂಗೆ."

ಅವನ ಇಡೀ ಭವಿಷ್ಯ ನನ್ನ ನಾಲಗೆಯ ತುದಿಯಲ್ಲಿತ್ತು. ಕಳಿಸಿ ಎಂದರೆ ಸಾಕು, ಏಳು ಎಲೆಗೂ ಉತ್ತರ ಕೊಟ್ಟಂತೆ. ಒಂದೂವರೆ ವರ್ಷ ಕಾದದ್ದು ಈ ಗಳಿಗೆಗೇ. ಮಡಿಲಲ್ಲಿ ಭೀಮ ಒಲೆಯ ಹಾಗೆ ಬೆಚ್ಚಗಿದ್ದ.

"ಎರಡೂ ಬೇಡ ಅಪ್ಪ. ನಾನು ಬರೋವರೆಗೂ ಹೊರಗೇ ಕೂರ್ಸಿ."

"ಬಿಸಿಲೈತಲ್ಲವ್ವ."

"ಇರ್ಲಿ."

ಅಂಗಡಿಯ ಬಾಗಿಲೆಳೆದು, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ. ಬಸ್ಸಿನ ಮೇಲೂ ಸಿಟ್ಟು, ನಿಲ್ಲಿಸುವ ಊರುಗಳ ಮೇಲೂ ಸಿಟ್ಟು.

ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅಪ್ಪ. ನಡುವೆ ಒಂದು ಚೊಂಬು ನೀರು. ಬೆವರಿಗೆ ಅವನ ಅಂಗಿ ಬೆನ್ನಿಗಂಟಿತ್ತು. ನನ್ನನ್ನು ಕಂಡು ಎದ್ದ. ನನಗಲ್ಲ, ಅಪ್ಪನಿಗೆ ಕೈ ಮುಗಿದ.

"ತಪ್ಪಾಯ್ತು ನಂಜಪ್ಪೋರೆ. ಆವತ್ತು ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ."

ಅಪ್ಪ ಗೀರುಬಿದ್ದ ಅವನ ಮುಂಗೈ ನೋಡಿದರು. "ಇದೇನಪ್ಪಾ, ಬೇಲಿ ಮುಳ್ಳಲ್ಲಿ ಬಿದ್ದಿದ್ಯಾ?"

"ನಿಮ್ಮ ಮಗಳು ಬೆಕ್ಕು ತೊಳೆಸಿದ್ರು. ಒಂಬತ್ತು ವಾರ."

ಅಪ್ಪನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಸದ್ದು ಬಂತು. ಅಂಥ ನಗು ಆ ಮನೆಯಲ್ಲಿ ಕೇಳಿ ಕಾಲವಾಗಿತ್ತು. ಕಣ್ಣೊರೆಸಿಕೊಳ್ಳುತ್ತ, ಭೀಮನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ನಾವಿಬ್ಬರೇ ಉಳಿದೆವು.

"ಅಪ್ಪ ಕ್ಷಮಿಸಿರ್ಬಹುದು," ಎಂದೆ. "ನಾನು ಕ್ಷಮಿಸಿಲ್ಲ."

"ಗೊತ್ತು."

"ನನ್ನ ಸಿಟ್ಟು ಇನ್ನೂ ಬೇಕಾದಷ್ಟಿದೆ."

"ವಾರಕ್ಕೊಂದ್ ಗಂಟೇಲಿ ಅದು ತೀರಲ್ಲ ರಂಜಿತಾ." ಮೊದಲ ಸಲ ಬರೀ ಹೆಸರು ಹಿಡಿದು ಕರೆದ. "ಒಂದೇ ಮನೇಲಿದ್ರೆ ದಿನಾ ತೀರಿಸ್ಕೋಬಹುದು."

ಅವನ ಕಣ್ಣನ್ನು ನೇರ ನೋಡಿದೆ. ಹುಡುಕಲು ಕೈಯಲ್ಲಿ ಕತ್ತರಿಯೂ ಇರಲಿಲ್ಲ.

"ಹಬ್ಬಕ್ಕೂ ರಜೆ ಕೊಡಲ್ಲ," ಎಂದೆ.

"ಕೇಳಲ್ಲ," ಎಂದ.